ಟಿಪ್ಸ್ ಗಲ್ಲಾಕ್ಕೆ ಸೇರಿದ್ದಲ್ಲ: ಎರಡು ರಾಜ್ಯಗಳಲ್ಲಿ ಹೋಟೆಲ್ ನಡೆಸಿದ ನನ್ನ ಅನುಭವ

ಅಮೆರಿಕದಲ್ಲಿ ಹೋಟೆಲ್ ಇಡಬೇಕು ಅಂತಿರುವ ನಮ್ಮ ಕಡೆಯವರು ನನ್ನನ್ನು ಕೇಳುವುದು ಬಾಡಿಗೆ ಎಷ್ಟು, ಗ್ರೈಂಡರ್ ಯಾವುದು, ಅಡುಗೆಯವರು ಎಲ್ಲಿ ಸಿಗ್ತಾರೆ ಅಂತ. ಟಿಪ್ಸ್ ಹೇಗೆ ಹಂಚಬೇಕು ಅಂತ ಯಾರೂ ಕೇಳುವುದಿಲ್ಲ. ಆದರೆ ಇಲ್ಲಿ ಹೋಟೆಲಿನವರಿಗೆ ತೊಂದರೆ ಬಂದರೆ ಬರುವುದು ಆ ಲೆಕ್ಕದಲ್ಲೇ ಜಾಸ್ತಿ. ಹಾಗಾಗಿ ನಾನು ಹೇಗೆ ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ.

ನಾನು ಕುಂದಾಪುರ ಕಡೆಯವನು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಇದೆ. ಆಮೇಲೆ ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ ಇನ್ನೊಂದು ಶುರು ಮಾಡಿದೆ. ಎರಡರಲ್ಲೂ ಅದೇ ಮೆನು, ಅದೇ ಮಸಾಲೆ ದೋಸೆ. ಸಂಬಳದ ಕಾನೂನು ಮಾತ್ರ ಅಜಗಜಾಂತರ.

ಊರಿನ ಹೋಟೆಲಿನಲ್ಲಿ ಟಿಪ್ಸ್ ಅಂದರೆ ಸೋಂಪಿನ ತಟ್ಟೆಯಲ್ಲಿ ಗಿರಾಕಿ ಬಿಟ್ಟುಹೋಗುವ ಚಿಲ್ಲರೆ. ಕೆಲವು ಕಡೆ ಅದು ಗಲ್ಲಾದ ಪಕ್ಕದ ಡಬ್ಬಿಗೆ ಬೀಳುತ್ತದೆ, ಧಣಿಗಳು ಆಗಾಗ ಹಂಚುತ್ತಾರೆ. ಇಲ್ಲಿ ಟಿಪ್ಸ್ ಬಿಲ್ಲಿನ 15ರಿಂದ 20 ಪರ್ಸೆಂಟ್. ಸಪ್ಲೈಯರ್ ಮನೆ ಬಾಡಿಗೆ ಕಟ್ಟುವುದೇ ಆ ದುಡ್ಡಲ್ಲಿ. ಅದು ಅವರದು, ಧಣಿಯದ್ದಲ್ಲ. 2018ರಲ್ಲಿ ಫೆಡರಲ್ ಕಾನೂನಿಗೆ, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಗೆ, ತಿದ್ದುಪಡಿ ಆಗಿ ಈ ಮಾತು ನೇರವಾಗಿಯೇ ಸೇರಿತು: ಮಾಲೀಕರು ಕೆಲಸದವರ ಟಿಪ್ಸ್ ಇಟ್ಟುಕೊಳ್ಳುವಂತಿಲ್ಲ, ಮ್ಯಾನೇಜರ್ ಮತ್ತು ಸೂಪರ್‌ವೈಸರ್‌ಗಳೂ ಅದರಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಂಡರೆ ಉಳಿದ ನಿಯಮಗಳು ಸಲೀಸಾಗಿ ಅರ್ಥವಾಗುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ದುಬಾರಿ, ಆದರೆ ನೇರ. ಟಿಪ್ಸ್ ಎಷ್ಟೇ ಬರಲಿ, ಕನಿಷ್ಠ ಕೂಲಿ ಪೂರ್ತಿ ಕೊಡಲೇಬೇಕು. 2025ರಲ್ಲಿ ರಾಜ್ಯದ ದರ ಗಂಟೆಗೆ 16.50 ಡಾಲರ್ ಇತ್ತು. ಸನ್ನಿವೇಲ್ ಊರಿನದೇ ಬೇರೆ ದರ, 19 ಡಾಲರ್. ಯಾವುದು ಜಾಸ್ತಿಯೋ ಅದನ್ನೇ ಕೊಡಬೇಕು. ಅಲಾಸ್ಕಾ, ಮಿನೆಸೋಟ, ಮೊಂಟಾನಾ, ನೆವಾಡಾ, ಓರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲೂ ಹೀಗೆಯೇ, ಟಿಪ್ಸ್ ತೋರಿಸಿ ಕೂಲಿ ಕಡಿಮೆ ಮಾಡುವ ಹಾಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಗಮನ ಇಡಬೇಕಾದದ್ದು ಗಂಟೆಗಳ ಮೇಲೆ. ಓವರ್‌ಟೈಮ್ ವಾರಕ್ಕೆ 40 ಗಂಟೆ ಮೀರಿದಾಗ ಮಾತ್ರ ಅಲ್ಲ, ದಿನಕ್ಕೆ 8 ಗಂಟೆ ಮೀರಿದರೂ ಶುರು. 12 ಮೀರಿದರೆ ಎರಡು ಪಟ್ಟು. ಐದನೇ ಗಂಟೆ ಮುಗಿಯುವ ಮೊದಲು ಅರ್ಧ ಗಂಟೆ ಊಟದ ಬಿಡುವು ಕೊಡಬೇಕು, ಕೊಡದಿದ್ದರೆ ಒಂದು ಗಂಟೆಯ ಸಂಬಳ ಜಾಸ್ತಿ. ನಮ್ಮಂಥವರು ಮಧ್ಯಾಹ್ನದ ಊಟ ಮುಗಿಸಿ ಮೂರು ಗಂಟೆಗೆ ಬಾಗಿಲು ಹಾಕಿ, ಸಂಜೆ ಮತ್ತೆ ತೆಗೆಯುತ್ತೇವೆ ಅಲ್ವಾ? ಒಬ್ಬರನ್ನೇ ಎರಡು ಹೊತ್ತಿಗೂ ಹಾಕಿದರೆ ಅದು ಸ್ಪ್ಲಿಟ್ ಶಿಫ್ಟ್. ಕನಿಷ್ಠ ಕೂಲಿಯಲ್ಲಿ ಇರುವವರಿಗೆ ಅದಕ್ಕೂ ಒಂದು ಗಂಟೆಯ ಕೂಲಿ ಸೇರಿಸಿ ಕೊಡಬೇಕು. ನಾನು ಆದಷ್ಟು ಮಧ್ಯಾಹ್ನಕ್ಕೆ ಒಂದು ತಂಡ, ರಾತ್ರಿಗೆ ಒಂದು ತಂಡ ಅಂತ ಮಾಡಿಕೊಂಡೆ. ಕೆಲಸದವರಿಗೂ ಮಧ್ಯೆ ಸುಮ್ನೆ ಕಾರಿನಲ್ಲಿ ಮಲಗಿ ಹೊತ್ತು ಕಳೆಯುವುದು ತಪ್ಪಿತು.

ಟೆಕ್ಸಾಸ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಕನಿಷ್ಠ ಕೂಲಿ ಫೆಡರಲ್ ದರವೇ, 7.25 ಡಾಲರ್. 2009ರಿಂದ ಅದು ಏರಿಲ್ಲ. ಟಿಪ್ಸ್ ಸಿಗುವ ಕೆಲಸದವರಿಗೆ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು, ಉಳಿದ 5.12 ಅವರ ಟಿಪ್ಸ್‌ನಿಂದ ತುಂಬಿತು ಅಂತ ಲೆಕ್ಕ. ಇದಕ್ಕೆ ಟಿಪ್ ಕ್ರೆಡಿಟ್ ಅಂತಾರೆ. ಆ 2.13 ಅನ್ನುವುದು 1991ರಿಂದ ಹಾಗೇ ಇದೆ.

ಕೇಳಿದಾಗ ಧಣಿಗೆ ಬಂಪರ್ ಅನಿಸುತ್ತದೆ. ಆದರೆ ಆ ರಿಯಾಯಿತಿಗೆ ಷರತ್ತುಗಳಿವೆ. ಟಿಪ್ ಕ್ರೆಡಿಟ್ ತೆಗೆದುಕೊಳ್ಳುತ್ತೇನೆ ಅಂತ ಕೆಲಸದವರಿಗೆ ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ರಿಯಾಯಿತಿ ಇಲ್ಲ, ಪೂರ್ತಿ ಕೂಲಿ ಬಾಕಿ. ವಾರ ವಾರ ಲೆಕ್ಕ ಹಾಕಬೇಕು. 30 ಗಂಟೆ ಮಾಡಿದವರಿಗೆ 153.60 ಡಾಲರ್ ಟಿಪ್ಸ್ ಬಂದಿರಬೇಕು. 140 ಮಾತ್ರ ಬಂದಿದ್ದರೆ 13.60 ಧಣಿಯೇ ತುಂಬಬೇಕು. ಓವರ್‌ಟೈಮ್ ಇನ್ನೂ ಸೂಕ್ಷ್ಮ. 2.13ರ ಒಂದೂವರೆ ಪಟ್ಟು ಅಂತ 3.20 ಕೊಟ್ಟರೆ ತಪ್ಪು. 7.25ರ ಒಂದೂವರೆ ಪಟ್ಟು 10.88, ಅದರಲ್ಲಿ 5.12 ಕಳೆದರೆ 5.76. ಗಂಟೆಗೆ ಅಷ್ಟು ಕೊಡಬೇಕು. ಗಿರಾಕಿ ಬಿಲ್ ಕೊಡದೆ ಎದ್ದುಹೋದ ಅಂತ ಸಪ್ಲೈಯರ್ ಸಂಬಳದಲ್ಲಿ ಹಿಡಿಯುವಂತೆಯೂ ಇಲ್ಲ.

ಇದೆಲ್ಲ ಮಾಡಬಹುದಿತ್ತು. ನಾನು ಯೋಚನೆಗೆ ಬಿದ್ದದ್ದು ಇನ್ನೊಂದು ಷರತ್ತಿನಿಂದ. ಟಿಪ್ ಕ್ರೆಡಿಟ್ ತೆಗೆದುಕೊಂಡರೆ, ಎಲ್ಲರ ಟಿಪ್ಸ್ ಸೇರಿಸಿ ಹಂಚುವ ಪೂಲ್‌ನಲ್ಲಿ ಅಡುಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಸೇರಿಸುವಂತಿಲ್ಲ. ಸಪ್ಲೈಯರ್, ಟೇಬಲ್ ಕ್ಲೀನರ್ ಇವರಿಗಷ್ಟೇ. ಸನ್ನಿವೇಲ್‌ನಲ್ಲಿ ಮೊದಲಿಂದಲೂ ಅಡುಗೆಮನೆಗೆ ಪಾಲು ಕೊಡುತ್ತಿದ್ದೆ. ಅಲ್ಲಿಂದ ಅರ್ವಿಂಗ್‌ಗೆ ಬರಲು ಒಪ್ಪಿದ ದೋಸೆ ಭಟ್ರು ಕೇಳಿದ್ದು ಒಂದೇ ಮಾತು: "ಅಲ್ಲಿಯೂ ನಮಗೆ ಟಿಪ್ಸ್ ಪಾಲು ಉಂಟಲ್ಲ?"

ಡಲ್ಲಾಸ್ ಕಡೆಯ ಜುಲೈ ಬಿಸಿಲಿನಲ್ಲಿ ಕಾವಲಿ ಮುಂದೆ ಐದಾರು ಗಂಟೆ ನಿಲ್ಲುವವರು ಅವರು. ದೋಸೆ ಗರಿಗರಿಯಾಗಿ ಬಂತು ಅಂತ ಗಿರಾಕಿ 20 ಪರ್ಸೆಂಟ್ ಬರೆದು ಹೋದರೆ ಅದರಲ್ಲಿ ಅವರಿಗೆ ಕಾಸೂ ಇಲ್ಲ ಅನ್ನುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ದಾರಿ ಕಾನೂನಿನಲ್ಲೇ ಇದೆ. ಟಿಪ್ ಕ್ರೆಡಿಟ್ ಬಿಟ್ಟುಬಿಟ್ಟು ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಟ್ಟರೆ ಅಡುಗೆಮನೆಯೂ ಪೂಲ್‌ಗೆ ಸೇರಬಹುದು. ನಾನು ಹಾಗೇ ಮಾಡಿದೆ.

ಖರ್ಚು ಇದೆ, ಮುಚ್ಚಿಡುವುದಿಲ್ಲ. ನಾಲ್ಕು ಜನ ಸಪ್ಲೈಯರ್‌ಗಳು ವಾರಕ್ಕೆ 30 ಗಂಟೆ ಮಾಡಿದರೆ ಬಿಟ್ಟುಕೊಟ್ಟ ರಿಯಾಯಿತಿ ವಾರಕ್ಕೆ 614 ಡಾಲರ್. ಅದನ್ನು ಮೆನುವಿನ ರೇಟಿನಲ್ಲೇ ಸೇರಿಸಿದೆ. ಬದಲಿಗೆ ಆ ವಾರದ ಲೆಕ್ಕಾಚಾರ, 5.76ರ ಗೋಜಲು ಎಲ್ಲ ತಪ್ಪಿತು. ಅಡುಗೆಯವರು ಕೆಲಸ ಬಿಟ್ಟು ಹೋಗುವುದೂ ಕಡಿಮೆ. ಈ ಕಸುಬಿನಲ್ಲಿ ಒಳ್ಳೆ ದೋಸೆ ಭಟ್ರು ಕೈಬಿಟ್ಟು ಹೋದರೆ ಆಗುವ ನಷ್ಟ ಹೋಟೆಲ್ ನಡೆಸಿದವರಿಗೆಲ್ಲ ಗೊತ್ತು.

ಹಂಚುವುದು ಹೀಗೆ. ಸಪ್ಲೈಯರ್‌ಗೆ ಗಂಟೆಗೆ ಒಂದು ಪಾಯಿಂಟ್, ಕ್ಲೀನರ್ ಮತ್ತು ಅಡುಗೆಯವರಿಗೆ ಅರ್ಧ. ಒಂದು ಸಂಜೆ ಇಬ್ಬರು ಸಪ್ಲೈಯರ್, ಒಬ್ಬ ಕ್ಲೀನರ್, ಇಬ್ಬರು ಅಡುಗೆಯವರು ತಲಾ 6 ಗಂಟೆ ಇದ್ದರು ಅಂದುಕೊಳ್ಳಿ. ಒಟ್ಟು 21 ಪಾಯಿಂಟ್. ಟಿಪ್ಸ್ 420 ಡಾಲರ್ ಬಂದರೆ ಪಾಯಿಂಟಿಗೆ 20. ಸಪ್ಲೈಯರ್‌ಗೆ 120, ಉಳಿದವರಿಗೆ 60. ಈ ಲೆಕ್ಕವನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಯಾರು ಬೇಕಾದರೂ ಕೂಡಿಸಿ ನೋಡಬಹುದು. ಕಾರ್ಡಿನಲ್ಲಿ ಬಂದ ಟಿಪ್ಸ್‌ಗೆ ಬ್ಯಾಂಕಿನವರು ಹಿಡಿಯುವ ಶುಲ್ಕವನ್ನು ಕ್ಯಾಲಿಫೋರ್ನಿಯಾದಲ್ಲಿ ಕೆಲಸದವರ ಮೇಲೆ ಹಾಕುವಂತಿಲ್ಲ. ಟೆಕ್ಸಾಸ್‌ನಲ್ಲಿ ಹಾಕಬಹುದು, ನಾನು ಹಾಕುವುದಿಲ್ಲ.

ಅತಿ ಕಷ್ಟದ ಮಾತು ಮನೆಯವರ ಜೊತೆಗೇ. ಅರ್ವಿಂಗ್ ಹೋಟೆಲಿನ ಮ್ಯಾನೇಜರ್ ನನ್ನ ಹೆಂಡತಿಯ ತಮ್ಮ. ಶನಿವಾರ ಜನ ಜಾಸ್ತಿ ಇದ್ದಾಗ ಅವನೂ ಪ್ಲೇಟ್ ಎತ್ತುತ್ತಾನೆ, ಟೇಬಲ್ ಒರೆಸುತ್ತಾನೆ. "ಭಾವ, ನಾನೂ ದುಡಿದಿದ್ದೀನಲ್ಲ, ನನಗ್ಯಾಕೆ ಇಲ್ಲ?" ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಜನರನ್ನು ಕೆಲಸಕ್ಕೆ ಸೇರಿಸುವ, ಬಿಡಿಸುವ ಅಧಿಕಾರ ಇರುವವನು ಪೂಲ್‌ಗೆ ಕೈಹಾಕುವಂತಿಲ್ಲ. ಒಂದು ಟೇಬಲ್ಲನ್ನು ಶುರುವಿನಿಂದ ಕೊನೆವರೆಗೆ ಅವನೊಬ್ಬನೇ ನೋಡಿಕೊಂಡರೆ ಆ ಟೇಬಲ್ಲಿನ ಟಿಪ್ಸ್ ಇಟ್ಟುಕೊಳ್ಳಬಹುದು, ಅಷ್ಟೇ. ನಾನು ಅವನ ಸಂಬಳವನ್ನೇ ಏರಿಸಿದೆ. ನೆಂಟರನ್ನು ಮ್ಯಾನೇಜರ್ ಮಾಡುವವರು ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ದೊಡ್ಡ ಗುಂಪು ಬಂದಾಗ ಬಿಲ್ಲಿಗೆ ತಾನೇ 18 ಪರ್ಸೆಂಟ್ ಸೇರಿಸುವ ಪದ್ಧತಿ ಇದೆಯಲ್ಲ, ತೆರಿಗೆ ಇಲಾಖೆಯ ಕಣ್ಣಿನಲ್ಲಿ ಅದು ಟಿಪ್ಸ್ ಅಲ್ಲ, ಸರ್ವಿಸ್ ಚಾರ್ಜ್. ಅದನ್ನು ಕೆಲಸದವರಿಗೆ ಕೊಟ್ಟರೆ ಸಂಬಳ ಅಂತಲೇ ಲೆಕ್ಕ. ಗಿರಾಕಿ ತಾನಾಗಿ ಒಪ್ಪಿ, ಮೊತ್ತವನ್ನೂ ತಾನೇ ನಿರ್ಧರಿಸಿದ್ದು ಮಾತ್ರ ಟಿಪ್ಸ್. 2025ರ ಹೊಸ ಕಾನೂನು ಬಂದ ಮೇಲೆ ಈ ವ್ಯತ್ಯಾಸ ಕೆಲಸದವರ ಜೇಬಿಗೇ ಮುಟ್ಟುತ್ತಿದೆ. 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್ ಅನ್ನು ಫೆಡರಲ್ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಕಡ್ಡಾಯ ಸರ್ವಿಸ್ ಚಾರ್ಜ್‌ಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಎರಡೂ ಕಡೆ ಆ 18 ಪರ್ಸೆಂಟ್ ತೆಗೆದೆ. ಬಿಲ್ಲಿನ ಕೆಳಗೆ 15, 18, 20 ಎಷ್ಟಾಗುತ್ತದೆ ಅಂತ ತೋರಿಸಿ ಜಾಗ ಖಾಲಿ ಬಿಡುತ್ತೇವೆ. ಪೂಲ್‌ನಿಂದ ಪಾಲು ಪಡೆಯುವ ಅಡುಗೆಯವರಿಗೂ, ಪಾತ್ರೆ ತೊಳೆಯುವವರಿಗೂ ಈ ತೆರಿಗೆ ಸೌಲಭ್ಯ ಸಿಗುತ್ತದೆ. "ಟಿಪ್ಸ್‌ಗೆ ತೆರಿಗೆನೇ ಇಲ್ವಂತೆ" ಅಂತ ಹುಡುಗರು ಬಂದು ಹೇಳ್ತಾರೆ. ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ (ಸರ್ಕಾರಿ ಪಿಂಚಣಿ, ವೃದ್ಧರ ಆರೋಗ್ಯ ವಿಮೆ) ಕಡಿತ ಹಾಗೇ ಇರುತ್ತದೆ, ತಿಂಗಳಿಗೆ 20 ಡಾಲರ್ ದಾಟಿದ ನಗದು ಟಿಪ್ಸ್ ನನಗೆ ಬರೆದು ಕೊಡಲೇಬೇಕು ಅಂತ ಕೂರಿಸಿ ವಿವರಿಸುತ್ತೇನೆ. ಆ ಟಿಪ್ಸ್ ಮೇಲೆ ಧಣಿಯೂ 7.65 ಪರ್ಸೆಂಟ್ ಕಟ್ಟಬೇಕು. ಅದರಲ್ಲಿ ಬಹುಪಾಲು 8846 ನಂಬರಿನ ಫಾರಂ ಹಾಕಿದರೆ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. ನಿಮ್ಮ ಅಕೌಂಟೆಂಟ್ ಇದನ್ನು ಹಾಕುತ್ತಿದ್ದಾರಾ ಕೇಳಿ.

ವಾರಾಂತ್ಯಕ್ಕೆ "ಸುಮ್ನೆ ಸಹಾಯಕ್ಕೆ ಬರ್ತೀನಿ" ಅನ್ನುವ ಸ್ನೇಹಿತರನ್ನು, ನಗದು ಕೊಡಿ ಸಾಕು ಅನ್ನುವ ವಿದ್ಯಾರ್ಥಿಗಳನ್ನು ನಾನು ಸೇರಿಸುವುದಿಲ್ಲ. ಲಾಭದ ವ್ಯಾಪಾರದಲ್ಲಿ ಬಿಟ್ಟಿ ದುಡಿಮೆಗೆ ಕಾನೂನಿನಲ್ಲಿ ಜಾಗವಿಲ್ಲ. ಅನುಮತಿ ಇಲ್ಲದೆ ಹೊರಗೆ ದುಡಿದರೆ ಆ ಮಕ್ಕಳ ವೀಸಾಕ್ಕೇ ಕುತ್ತು.

ಸಂಬಳದ ದಾಖಲೆಗಳನ್ನು ಫೆಡರಲ್ ಕೂಲಿ ಕಾನೂನಿನ ಪ್ರಕಾರ 3 ವರ್ಷ ಇಡಬೇಕು. ನಾನು ಎರಡೂ ಕಡೆ 4 ವರ್ಷ ಇಡುತ್ತೇನೆ, ಯಾಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಸಂಬಳದ ದಾವೆ ಅಷ್ಟು ಹಿಂದಕ್ಕೆ ಹೋಗಬಹುದು. ಫೆಡರಲ್ ಲೆಕ್ಕದಲ್ಲಿ ಸೋತರೆ ಬಾಕಿ ಕೂಲಿಯ ಜೊತೆ ಅಷ್ಟೇ ಮೊತ್ತ ಮತ್ತೆ ಕೊಡಬೇಕಾಗಬಹುದು. ಇನ್ನು ದರಗಳು ಒಂದೊಂದು ಊರಿನಲ್ಲಿ ಒಂದೊಂದು ದಿನ ಏರುತ್ತವೆ. ಸನ್ನಿವೇಲ್‌ನಲ್ಲಿ ಜನವರಿ 1ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈ 1ಕ್ಕೆ. ಅಂಗಡಿಯ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ಊರಿನ ದರ ನೋಡಿ, ಆಮೇಲೆ ದೋಸೆಗೆ ರೇಟ್ ಹಾಕಿ.