ಕುಂಡದಲ್ಲಿ ಏಂಜಲ್ ಟ್ರಂಪೆಟ್: ಹೂ ಜಾಸ್ತಿ ಬರಲು

ಏಂಜಲ್ ಟ್ರಂಪೆಟ್ (ಬ್ರುಗ್‌ಮಾನ್ಸಿಯಾ) ಬರೀ ಎಲೆ ಬಿಡ್ತಿದೆ ಅನ್ನುವವರು ಮೊದಲು ಕಾಂಡ ನೋಡಿ. ನೆಟ್ಟಗೆ ಬೆಳೆದ ಕಾಂಡ ಒಂದು ಹಂತದಲ್ಲಿ ಎರಡಾಗಿ ಕವಲೊಡೆಯುತ್ತದೆ. ಮೊಗ್ಗು ಬರುವುದು ಅಲ್ಲಿಂದ ಮೇಲೆಯೇ. ಕವಲಿನ ಕೆಳಗೆ ಕತ್ತರಿಸಿದರೆ ಗಿಡ ಮತ್ತೆ ಕವಲೊಡೆಯುವವರೆಗೂ ಹೂವಿಲ್ಲ. ಕಡ್ಡಿ ನೆಡುವುದಾದರೂ ಕವಲಿನ ಮೇಲಿನದ್ದೇ ತಗೊಳ್ಳಿ, ಬೇಗ ಹೂ ಬಿಡುತ್ತದೆ. ಗುರುತು ಸುಲಭ: ಅಲ್ಲಿನ ಎಲೆಗಳ ಬುಡ ತೊಟ್ಟಿನ ಎರಡೂ ಕಡೆ ಸಮ ಇರುವುದಿಲ್ಲ, ಒಂದು ಬದಿ ಸ್ವಲ್ಪ ಕೆಳಗಿರುತ್ತದೆ.

ಕುಂಡ 16–18 ಇಂಚಿನದ್ದಿರಲಿ, ತಳದಲ್ಲಿ ನೀರು ಸರಾಗ ಇಳಿಯಬೇಕು. ಇದಕ್ಕೆ ಬಾಯಾರಿಕೆ ಜಾಸ್ತಿ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಬೇಕಾಗಬಹುದು. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಸಿಗುವ ಜಾಗ ಒಳ್ಳೆಯದು. ಹಸಿವೂ ಅಷ್ಟೇ. ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡಿ, ಆದರೆ ಸುಮ್ನೆ ಯೂರಿಯಾ ಸುರಿಯಬೇಡಿ, ಎಲೆ ಮಾತ್ರ ಸೊಂಪಾಗುತ್ತದೆ. ಪೊಟ್ಯಾಷ್ ಇರುವ ಗೊಬ್ಬರ ಆರಿಸಿ. ಎಲೆಯಡಿ ನುಸಿ ಕಂಡರೆ ಪೈಪಿನ ನೀರಿನಿಂದ ಜೋರಾಗಿ ತೊಳೆಯಿರಿ.

ಇದು ದತ್ತೂರದ ನೆಂಟ. ಎಲೆ, ಹೂ, ಬೀಜ ಎಲ್ಲವೂ ವಿಷ. ಮಕ್ಕಳು, ನಾಯಿ, ದನಗಳಿಗೆ ಸಿಗದ ಕಡೆ ಇಡಿ. ಸವರಿದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಲೇಬೇಡಿ.