ಚೀಟಿ ಎತ್ತುವ ಮೊದಲು: ಮಕ್ಕಳ ಪಂದ್ಯಾಟಕ್ಕೆ ನ್ಯಾಯದ ಮಾದರಿ ಆರಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಉಡುಪಿಯಲ್ಲಿ ಹುಡುಗರ ಫುಟ್‌ಬಾಲ್ ಪಂದ್ಯಾಟವೊಂದಕ್ಕೆ ಚೀಟಿ ಎತ್ತಿದ್ದು ನಾನೇ. ಹತ್ತು ತಂಡ, ಒಂದೇ ದಿನ, ನಾಕೌಟ್. ಬೈಂದೂರು ಕಡೆಯ ಹುಡುಗರು ಕತ್ತಲಿರುವಾಗಲೇ ಬಸ್ಸು ಹತ್ತಿ ಬಂದಿದ್ದರು. ಎಂಟೂವರೆಗೆ ಆಡಿದರು, ಒಂದು ಗೋಲಿನಿಂದ ಸೋತರು. ಶೂ ಬಿಚ್ಚುತ್ತಾ ಒಬ್ಬ ಕೇಳಿದ, "ಇನ್ನೊಂದ್ ಮ್ಯಾಚ್ ಇತ್ತಾ ಸರ್?" ಇರಲಿಲ್ಲ. ಗೋಳಿಬಜೆ ತಿನ್ನಿಸಿ ಬಸ್‌ಸ್ಟ್ಯಾಂಡಿಗೆ ಕಳಿಸಿದೆವು.

ಆಮೇಲೆ ನನಗೆ ಪಾಠ ಸಿಕ್ಕಿದ್ದು ಐಸ್ ಹಾಕಿಯಿಂದ. ಐಸ್ ಕಂಡರೆ ಶರಬತ್ತಿಗೆ ಹಾಕುವ ಊರಿನವರು ನಾವು, ನಗಬೇಡಿ. 20 ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಕೂಟ ಪ್ರತಿವರ್ಷ ಕ್ರಿಸ್‌ಮಸ್ ಮರುದಿನದ ಹೊತ್ತಿಗೆ ಶುರುವಾಗುತ್ತದೆ. ಅಲ್ಲೂ ಹತ್ತೇ ತಂಡ.

ಮೊದಲ ಹೆಜ್ಜೆ: ಸೋತ ತಂಡದಿಂದ ಲೆಕ್ಕ ಶುರು ಮಾಡಿ

ಕಪ್ ಯಾರಿಗೆ ಎನ್ನುವುದು ಆಮೇಲೆ. ಎಲ್ಲಾ ಪಂದ್ಯ ಸೋಲುವ ತಂಡಕ್ಕೆ ಎಷ್ಟು ಆಟ ಸಿಗುತ್ತದೆ? ನಾಕೌಟಲ್ಲಿ ಒಂದೇ. ಹತ್ತು ತಂಡಕ್ಕೆ ಒಂಬತ್ತು ಪಂದ್ಯ, ಒಂದು ದಿನದಲ್ಲಿ ಮುಗಿಯುತ್ತದೆ. ಸಂಘಟಕರಿಗೆ ಖುಷಿ, ಐದು ತಂಡಗಳಿಗೆ ಬೆಳಿಗ್ಗೆಯೇ ಮನೆ.

ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಮಾಡಿದರೆ 45 ಪಂದ್ಯ. ಇಪ್ಪತ್ತು ನಿಮಿಷದ ಎರಡು ಅವಧಿ, ವಿರಾಮ, ತಂಡ ಬದಲಾಯಿಸುವ ಹೊತ್ತು ಸೇರಿ ಪಂದ್ಯಕ್ಕೆ 50 ನಿಮಿಷ ಹಿಡಿಯಿರಿ. ಒಂದು ಮೈದಾನದಲ್ಲಿ ದಿನಕ್ಕೆ ಹತ್ತು ಪಂದ್ಯ. ಅಲ್ಲಿಗೆ ನಾಲ್ಕೂವರೆ ದಿನ ಆಯ್ತಲ್ವಾ?

ಲೀಗಿಗೆ ಇನ್ನೊಂದು ರೋಗ ಉಂಟು. ಕೊನೆಕೊನೆಗೆ ಕೆಲವು ತಂಡಗಳಿಗೆ ಗೆದ್ದರೂ ಸೋತರೂ ಒಂದೇ. ಐಸ್ ಹಾಕಿಯ ಈ ಕೂಟವೂ ಒಂದು ಕಾಲದಲ್ಲಿ ಬರೀ ಲೀಗೇ ಆಗಿತ್ತು, ಫೈನಲ್ ಇರಲಿಲ್ಲ. 1987ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದ ಪಿಯೆಶ್ಟ್ಯಾನಿಯಲ್ಲಿ ಕೆನಡಾ ಮತ್ತು ಸೋವಿಯತ್ ಹುಡುಗರು ಕೊನೆಯ ಪಂದ್ಯದಲ್ಲಿ ಎದುರಾದರು. ಕೆನಡಾಕ್ಕೆ ಚಿನ್ನದ ಆಸೆ. ಸೋವಿಯತ್ ತಂಡ ಆಗಲೇ ಪದಕದ ಲೆಕ್ಕದಿಂದ ಹೊರಗೆ. ಬೆಂಚಿನಲ್ಲಿದ್ದವರೂ ಇಳಿದು ಹೊಡೆದಾಡಿದರು. ಜಗಳ ನಿಲ್ಲಿಸಲು ದೀಪ ಆರಿಸಿದರೂ ನಿಲ್ಲಲಿಲ್ಲ. ಎರಡೂ ತಂಡಗಳನ್ನು ಕೂಟದಿಂದಲೇ ಹೊರಹಾಕಿದರು, ಚಿನ್ನ ಫಿನ್ಲೆಂಡಿಗೆ ಹೋಯಿತು. ಜಗಳಕ್ಕೆ ಮಾದರಿಯೊಂದೇ ಕಾರಣ ಅಂತ ಹೇಳುತ್ತಿಲ್ಲ. ಆದರೆ ಕಳೆದುಕೊಳ್ಳಲು ಏನೂ ಇಲ್ಲದ ತಂಡವನ್ನು ಎಲ್ಲಾ ಇರುವ ತಂಡದ ಎದುರು ನಿಲ್ಲಿಸುವಾಗ ಸ್ವಲ್ಪ ಯೋಚಿಸಬೇಕು.

ಎರಡನೆಯದು: ಗುಂಪು ಮಾಡಿ, ಹಾವಿನ ಹಾಗೆ

1996ರಿಂದ ಆ ಕೂಟದಲ್ಲಿ ಹತ್ತು ತಂಡ, ಐದೈದರ ಎರಡು ಗುಂಪು. ಬಲದ ಕ್ರಮದಲ್ಲಿ, ಹಾವು ಬಳುಕಿದ ಹಾಗೆ ಆಚೀಚೆ ಹಂಚುತ್ತಾ, 1, 4, 5, 8, 9 ಒಂದು ಕಡೆ, 2, 3, 6, 7, 10 ಇನ್ನೊಂದು ಕಡೆ ಹಾಕಿದರೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ನಿಮ್ಮಲ್ಲಿ ಹಿಂದಿನ ವರ್ಷದ ಲೆಕ್ಕ ಇಲ್ಲದಿದ್ದರೆ ಗಟ್ಟಿ ಎನಿಸಿದ ಎರಡು ತಂಡಗಳನ್ನು ಬೇರೆಬೇರೆ ಗುಂಪಿಗೆ ಹಾಕಿ. ಉಳಿದವರಿಗೆ ಎಲ್ಲರೆದುರು ಚೀಟಿ ಎತ್ತಿ.

ಅವರಲ್ಲಿ ಪ್ರತಿ ಗುಂಪಿನಿಂದ ನಾಲ್ಕು ತಂಡ ಕ್ವಾರ್ಟರ್ ಫೈನಲಿಗೆ ಹೋಗುತ್ತವೆ. ಇದನ್ನು ನಾವು ಹಾಗೇ ಎತ್ತಿಕೊಳ್ಳಬಾರದು. ಅವರಿಗೆ ಹತ್ತು ಹನ್ನೊಂದು ದಿನ ಇರುತ್ತದೆ, ನಮಗೆ ಹೆಚ್ಚೆಂದರೆ ಮೂರೇ. ಮೂರನೇ ದಿನ ಕ್ವಾರ್ಟರ್, ಸೆಮಿ, ಫೈನಲ್ ಮೂರನ್ನೂ ಒಬ್ಬ ಹದಿಮೂರರ ಹುಡುಗ ಆಡಬೇಕಾ? ಕರಾವಳಿಯ ಬಿಸಿಲಿಗೆ ನಾನಂತೂ ಬೇಡ ಅಂತೀನಿ.

ನನ್ನ ಲೆಕ್ಕ ಹೀಗೆ. ಎರಡು ದಿನ ಗುಂಪಿನ 20 ಪಂದ್ಯ, ತಂಡಕ್ಕೆ ದಿನಕ್ಕೆರಡು. ಮೂರನೇ ದಿನ ಗುಂಪಿನ ಮೊದಲೆರಡು ತಂಡಗಳಿಗೆ ಸೆಮಿಫೈನಲ್. ಉಳಿದವರಿಗೂ ಆಟ ಇದೆ: ಮೂರನೆಯವರು ಮೂರನೆಯವರ ಜೊತೆ, ನಾಲ್ಕನೆಯವರು ನಾಲ್ಕನೆಯವರ ಜೊತೆ, ಐದನೆಯವರು ಐದನೆಯವರ ಜೊತೆ. ಆಮೇಲೆ ಮೂರನೇ ಸ್ಥಾನದ ಪಂದ್ಯ, ಫೈನಲ್. ಒಟ್ಟು 27. ಎಲ್ಲಾ ಸೋತವರಿಗೂ ಐದು ಆಟ ಸಿಕ್ಕಿತು.

ಮೂರನೆಯದು: ಅಂಕ ಮತ್ತು ಸಮಬಲ

ಐಸ್ ಹಾಕಿಯ ಆ ಕೂಟದಲ್ಲಿ ಡ್ರಾ ಇಲ್ಲ. ನಿಗದಿತ ಸಮಯದಲ್ಲಿ ಗೆದ್ದರೆ 3, ಹೆಚ್ಚುವರಿ ಸಮಯ ಅಥವಾ ಶೂಟೌಟಲ್ಲಿ ಗೆದ್ದರೆ 2, ಹಾಗೆ ಸೋತರೂ 1. ಮಕ್ಕಳಿಗೆ ಇದು ಒಳ್ಳೆಯದು, ಕೊನೆವರೆಗೆ ಹೋರಾಡಿದ್ದಕ್ಕೆ ಕೈಗೆ ಏನೋ ಬರುತ್ತದೆ. ನಮ್ಮ ಫುಟ್‌ಬಾಲಿಗೂ ಪೆನಾಲ್ಟಿ ಇಟ್ಟು ಹೀಗೇ ಮಾಡಬಹುದು.

ಇಬ್ಬರ ಅಂಕ ಒಂದೇ ಆದರೆ? ಅವರಿಬ್ಬರೇ ಆಡಿದಾಗ ಗೆದ್ದದ್ದು ಯಾರು ನೋಡಿ. ಗೋಲಿನ ಅಂತರ ಆಮೇಲೆ. ಅದನ್ನೇ ಮೊದಲು ಇಟ್ಟರೆ ಎಲ್ಲರೂ ಸಣ್ಣ ತಂಡಕ್ಕೆ ಸುಮ್ನೆ ಹನ್ನೆರಡು ಗೋಲು ಹೊಡೆಯಲು ಹೊರಡುತ್ತಾರೆ. ನಾನಾದರೆ ಐದಕ್ಕಿಂತ ಜಾಸ್ತಿ ಅಂತರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ನಿಯಮ ಒಂದು ಹಾಳೆಯಲ್ಲಿ ಬರೆದು, ಮೊದಲ ಸೀಟಿಗೆ ಮುಂಚೆ ಕೋಚ್‌ಗಳ ಸಹಿ ಹಾಕಿಸಿ. ಸಂಜೆ ಐದಕ್ಕೆ ಮಾಡುವ ನಿಯಮ ಯಾರದೋ ಪರವಾಗಿಯೇ ಇರುತ್ತದೆ.

ನಾಲ್ಕನೆಯದು: ಸೋತರೆ ಲಾಭ ಆಗುವ ಜಾಗ ಹುಡುಕಿ

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್‌ನ ನಾಲ್ಕು ಜೋಡಿಗಳು ಬೇಕೆಂದೇ ಸೋಲಲು ನೋಡಿ ಹೊರಬಿದ್ದವು. ಗುಂಪಿನಲ್ಲಿ ಎರಡನೇ ಸ್ಥಾನ ಬಂದರೆ ಮುಂದೆ ಸುಲಭದ ಎದುರಾಳಿ ಸಿಗುವಂತಿತ್ತು. 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಸ್ಟ್ರಿಯಾ ವಿರುದ್ಧ ಪಶ್ಚಿಮ ಜರ್ಮನಿ 1-0 ಗೆದ್ದರೆ ಇಬ್ಬರಿಗೂ ಮುಂದೆ ದಾರಿ ಇತ್ತು. ಗೋಲು ಬಂದ ಮೇಲೆ ಇಬ್ಬರೂ ಚೆಂಡು ಆಚೀಚೆ ತಳ್ಳುತ್ತಾ ಹೊತ್ತು ಕಳೆದರು. ಹಿಂದಿನ ದಿನವೇ ಆಡಿ ಮುಗಿಸಿದ್ದ ಅಲ್ಜೀರಿಯಾ ಹೊರಗೆ.

ಹಾಗಾಗಿ ಗುಂಪಿನ ಕೊನೆಯ ಸುತ್ತು ಒಂದೇ ಹೊತ್ತಿಗೆ ಶುರುವಾಗಬೇಕು. ಆ ಒಂದು ಗಂಟೆಗೆ ಹತ್ತಿರದ ಶಾಲೆಯ ಮೈದಾನ ಕೇಳಿಕೊಳ್ಳಿ. ಐದರ ಗುಂಪಿನಲ್ಲಿ ಒಂದು ತಂಡ ಆಗ ಖಾಲಿ ಕೂರಲೇಬೇಕು, ಅಲ್ಜೀರಿಯಾದ ಹಾಗೆ. ಅದಕ್ಕೆ ಪೂರ್ತಿ ಮದ್ದು ನನಗೆ ಸಿಕ್ಕಿಲ್ಲ. ಯಾರು ಕೂರಬೇಕು ಎನ್ನುವುದನ್ನು ಚೀಟಿಯಲ್ಲೇ ತೀರ್ಮಾನಿಸಿ. ಎಂಟು ತಂಡ ಮಾತ್ರ ಕರೆದು ನಾಲ್ಕರ ಗುಂಪು ಮಾಡಿದರೆ ಈ ತಲೆನೋವೇ ಇಲ್ಲ.

ವಯಸ್ಸಿನ ದಾಖಲೆಗಳನ್ನು ಹಿಂದಿನ ದಿನವೇ ನೋಡಿ ಮುಗಿಸಿ. ಮತ್ತೆ, ವೇಳಾಪಟ್ಟಿ ಬರೆಯುವಾಗ ಪಕ್ಕದಲ್ಲಿ ಬಸ್ಸಿನ ಟೈಮಿಂಗೂ ಇರಲಿ. ಎಂಟೂವರೆಯ ಪಂದ್ಯ ಇಲ್ಲೇ ಹತ್ತಿರದ ಅಜ್ಜರಕಾಡು, ಮಣಿಪಾಲದ ಹುಡುಗರಿಗೆ ಕೊಡಿ. ಬೈಂದೂರಿನವರು ಹತ್ತೂವರೆಗೆ ಆಡಲಿ.