ಎರಡು ಡೋಸ್ ಆದ್ಮೇಲೂ ಕೊರೊನಾ ಬಂತಾ? ಎಷ್ಟು ಧೈರ್ಯವಾಗಿರ್ಬಹುದು ಅಂತ ಹೀಗೆ ನೋಡಿ

ಮುಂಬೈ ಹತ್ರದ ನಮ್ಮ ಡೊಂಬಿವಲಿ ಸೊಸೈಟಿಲಿ ಯಾರಿಗಾದ್ರೂ ಪಾಸಿಟಿವ್ ಅಂದ್ರೆ ಸಾಕು, ಲಿಫ್ಟ್ ಹತ್ರ ಒಂದೇ ಮಾತು, "ಎರಡು ಡೋಸ್ ಹಾಕಿಸ್ಕೊಂಡಿದ್ರಲ್ಲ ಮಾರಾಯ್ರೆ, ಏನ್ ಬಂತು?" ನನ್ನ ಮಾವನೂ ಅದನ್ನೇ ಹೇಳ್ತಿದ್ರು, ಪುಣೆ ಸೀರಮ್‌ನವರ ಕೋವಿಶೀಲ್ಡ್, ಪಕ್ಕದೂರಿನ ಮಾಲು, ಆದ್ರೂ ಜ್ವರ ಬಂತಲ್ಲ ಅಂತ. ಸೋಂಕೇ ತಗಲದ ಹಾಗೆ ಮಾಡೋದು ಬೇರೆ, ತಗಲಿದ್ಮೇಲೆ ಆಕ್ಸಿಜನ್ ಹಚ್ಚೋ ತನಕ ಹೋಗದ ಹಾಗೆ ಮಾಡೋದು ಬೇರೆ. ಲಸಿಕೆ ಗಟ್ಟಿ ಇರೋದು ಎರಡನೇದ್ರಲ್ಲಿ. ಕೋವ್ಯಾಕ್ಸಿನ್ ಮೂರನೇ ಹಂತದ ಪ್ರಯೋಗದಲ್ಲೂ ಲಕ್ಷಣ ಇರೋ ಕಾಯಿಲೆ ತಡೆದಿದ್ದು 77.8%, ತೀವ್ರವಾದದ್ದು 93.4%, ಅದೂ ವೈರಸ್‌ನ ಒಮಿಕ್ರಾನ್ ರೂಪ ಬರೋಕ್ಕೆ ಮುಂಚಿನ ಲೆಕ್ಕ.

ಮೊದ್ಲು ಆಸ್ಪತ್ರೆ ಲೆಕ್ಕ ಓದೋದು ಕಲೀರಿ. 1000 ಜನ ಇದ್ದಾರೆ ಅಂದ್ಕೊಳ್ಳಿ, 900 ಜನಕ್ಕೆ ಲಸಿಕೆ ಆಗಿದೆ, 100 ಜನಕ್ಕೆ ಇಲ್ಲ. ಅಡ್ಮಿಟ್ ಆದವರು 14, ಅದ್ರಲ್ಲಿ 9 ಜನ ಲಸಿಕೆಯವ್ರು. "ನೋಡಿ, ಅರ್ಧಕ್ಕಿಂತ ಜಾಸ್ತಿ ಅವ್ರೇ!" ಅಂತ ಮೆಸೇಜ್ ಓಡಾಡುತ್ತೆ. ಆದ್ರೆ 900ಕ್ಕೆ 9 ಅಂದ್ರೆ ನೂರಕ್ಕೆ ಒಬ್ರು, ಲಸಿಕೆ ಇಲ್ಲದವ್ರಲ್ಲಿ ನೂರಕ್ಕೆ ಐದು. ಇನ್ನೊಂದು, ನಮ್ಮಲ್ಲಿ ಸಾಮಾನ್ಯ ಜನ್ರ ಪೈಕಿ ವಯಸ್ಸಾದವ್ರಿಗೇ ಮೊದ್ಲು ಹಾಕಿದ್ದು, 2021ರ ಮಾರ್ಚ್‌ನಿಂದ, ಹಾಗಾಗಿ 70ರ ಅಜ್ಜನ್ನ 25ರ ಹುಡುಗನ ಜೊತೆ ಹೋಲಿಸ್ಬೇಡಿ, ಅಜ್ಜನ್ನ ಅಜ್ಜನ ಜೊತೆಗೇ ಹೋಲಿಸಿ.

ಆಮೇಲೆ ಸರ್ಟಿಫಿಕೇಟ್ ತೆಗೆದು ಕೊನೇ ಡೋಸ್ ತಾರೀಖು ನೋಡಿ. ಹಾಕಿಸಿ ಎರಡು ವಾರ ಆಗಿಲ್ಲಾಂದ್ರೆ ಆ ಡೋಸ್‌ನ ರಕ್ಷಣೆ ಇನ್ನೂ ಪೂರ್ತಿ ಬಂದಿರಲ್ಲ. ತಿಂಗಳುಗಟ್ಟಲೆ ಆಗಿದ್ರೆ ಆಂಟಿಬಾಡಿ ಇಳಿದಿರುತ್ತೆ, ಸೋಂಕು ಸುಲಭವಾಗಿ ಹತ್ತುತ್ತೆ, ಆದ್ರೆ ವೈರಸ್‌ನ ಗುರುತಿಟ್ಟುಕೊಂಡಿರೋ ನೆನಪಿನ ಕೋಶಗಳು ಉಳಿದಿರೋದ್ರಿಂದ ತೀವ್ರ ಕಾಯಿಲೆ ವಿರುದ್ಧದ ರಕ್ಷಣೆ ಅಷ್ಟು ಬೇಗ ಕರಗಲ್ಲ.

ಎಲ್ಲಕ್ಕಿಂತ ಮುಖ್ಯ, ಪೇಷಂಟ್ ಯಾರು ಅನ್ನೋದು. ಕಿಡ್ನಿ ಕಸಿ ಆದವ್ರು, ಕೀಮೋ ನಡೀತಿರೋರು, ಇಮ್ಯುನಿಟಿ ತಗ್ಗಿಸೋ ಮಾತ್ರೆ ನುಂಗೋರು, ಇವ್ರಿಗೆ ಎರಡು ಡೋಸ್ ಆಗಿದ್ರೂ ಮೈ ಅಷ್ಟಾಗಿ ತಯಾರಾಗಿರಲ್ಲ. ಇಂಥವ್ರಿಗೆ, 60 ದಾಟಿ ಶುಗರ್ ಇರೋರಿಗೆ, ಲಸಿಕೆ ಆಗಿದೆಯಲ್ಲ ಅಂತ ಮನೇಲಿ ಕೂರಿಸ್ಕೋಬೇಡಿ, ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಕೆಲವ್ರಿಗೆ ಕೊಡೋ ಆಂಟಿವೈರಲ್ ಮಾತ್ರೆ ಲಕ್ಷಣ ಶುರುವಾದ 5 ದಿನದೊಳಗೇ ಆರಂಭಿಸ್ಬೇಕು. ಮೆಡಿಕಲ್ ಶಾಪಿಂದ ಸ್ಟೀರಾಯ್ಡ್ ಮಾತ್ರ ನೀವಾಗೇ ತರ್ಬೇಡಿ, ಆಕ್ಸಿಜನ್ ಸರಿ ಇದ್ದಾಗ ಅದ್ರಿಂದ ಕೆಟ್ಟದ್ದೇ ಜಾಸ್ತಿ.

ಇನ್ನು ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡೋ ಆಕ್ಸಿಮೀಟರ್ ವಿಷ್ಯ. ಮಾವನಿಗೆ ಮೊದ್ಲ ಸಲ 88 ತೋರಿಸ್ತು, ಅತ್ತೆ ಅಳೋಕ್ಕೇ ಶುರು. ನೋಡಿದ್ರೆ ಆಗಷ್ಟೇ ತಣ್ಣೀರಲ್ಲಿ ಕೈ ತೊಳ್ಕೊಂಡು ಬಂದಿದ್ರು, ಬೆರಳು ಐಸ್. ಕೈ ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಅಲ್ಲಾಡದೆ ಕೂರಿಸಿ ನೋಡಿದಾಗ 97. ನೇಲ್‌ಪಾಲಿಶ್ ಇದ್ರೂ ಹೀಗೇ ತಪ್ಪು ತೋರಿಸುತ್ತೆ. ಕೂತಲ್ಲೇ ಪದೇ ಪದೇ 94ಕ್ಕಿಂತ ಕಮ್ಮಿ ಬಂದ್ರೆ, ಉಸಿರು ಏದುಸಿರಾದ್ರೆ, ಮಾತು ಗೊಂದಲವಾದ್ರೆ, ಸರ್ಟಿಫಿಕೇಟಲ್ಲಿ ಎಷ್ಟೇ ಡೋಸ್ ಇರ್ಲಿ, ರಿಕ್ಷಾ ಕರೀರಿ.